ಪದಚರ್ಚೆ: ಮಣ್ಣಿನಡಿಯ ಕಲ್ಲಿಗೂ ‘ಹುಟ್ಟುಬಂಡೆ’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಲಪ್ರಭಾ ಕಣಿವೆಯ ಕಲ್ಲುಗಳ ಬಗ್ಗೆ ಹೈಸ್ಕೂಲು ಮಕ್ಕಳಿಗೆಂದು ಒಂದು ಕಿರುಹೊತ್ತಗೆ ಸಿದ್ಧವಾಗುತ್ತಿದೆ. ಭೂವಿಜ್ಞಾನ ಓದಿದ ಗೆಳೆಯರೊಬ್ಬರು ವಿಷಯ ಕೊಡುತ್ತಿದ್ದಾರೆ, ಭಾಷೆ ನನ್ನ ಪಾಲಿಗೆ ಬಂದಿದೆ. ಸವದತ್ತಿಯ ನವಿಲುತೀರ್ಥದಿಂದ ಹೊರಟು ಬಾದಾಮಿ, ಪಟ್ಟದಕಲ್ಲು, ಐಹೊಳೆ ಹಾದು ಕೂಡಲಸಂಗಮದಲ್ಲಿ ಮುಗಿಯುವ ಹೊತ್ತಗೆ ಇದು. ಪ್ರವಾಸಕ್ಕೆ ಬಂದ ಮಕ್ಕಳು ಗುಡಿ ನೋಡಿ ಬಸ್ಸು ಹತ್ತುತ್ತಾರೆ. ಆ ಗುಡಿಗೆ ಕಲ್ಲು ಕೊಟ್ಟ ಗುಡ್ಡವನ್ನೂ ಒಂದು ಗಳಿಗೆ ನೋಡಲಿ ಎಂಬುದು ನಮ್ಮ ಆಸೆ. ಆದರೆ ಮೊದಲ ಪುಟದಲ್ಲೇ ಪೆನ್ನು ನಿಂತಿದೆ. ನಿಲ್ಲಿಸಿದ್ದು ‘ಬೆಡ್‌ರಾಕ್’ ಎಂಬ ಇಂಗ್ಲಿಷ್ ಪದ, ಅದಕ್ಕೆ ಒಪ್ಪುವ ಕನ್ನಡ ಪದ ಬೇಕಾಗಿದೆ.

ಭೂವಿಜ್ಞಾನಿಗಳು ಈ ಪದಕ್ಕೆ ಕೊಡುವ ಅರ್ಥ ಸರಳ. ಮೇಲಿನ ಮಣ್ಣು, ಮರಳು, ಗರಸು, ಉರುಳಿಬಂದ ಗುಂಡು, ಹೊಳೆ ತಂದು ಹಾಕಿದ ಮೆಕ್ಕಲು, ಇಷ್ಟನ್ನೂ ಬದಿಗೆ ಸರಿಸಿದರೆ ಕೊನೆಗೆ ಸಿಗುವ, ಇದ್ದಲ್ಲೇ ಇರುವ, ನೆಲದೊಂದಿಗೆ ಒಂದಾಗಿರುವ ಕಲ್ಲು. ಎಲ್ಲೋ ಅದರ ಮೇಲೆ ನಲವತ್ತು ಅಡಿ ಎರೆಮಣ್ಣು ಇರಬಹುದು, ಇನ್ನೆಲ್ಲೋ ಬರಿಮೈಯಲ್ಲಿ ಬಿಸಿಲಿಗೆ ನಿಂತಿರಬಹುದು. ಎರಡೂ ಬೆಡ್‌ರಾಕೇ.

ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರಿಗೆಲ್ಲ ಈ ಸಂಗತಿ ಗೊತ್ತು, ಅದಕ್ಕೊಂದು ಹೆಸರು ಇಟ್ಟಿಲ್ಲ ಅಷ್ಟೆ. ಕೇಸಿಂಗ್ ಪೈಪು ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿಯವರೆಗೆ ಕುಸಿಯುವ ಮಣ್ಣು, ಗರಸು. ಪೈಪು ನಿಂತಲ್ಲಿಂದ ಕೆಳಗೆ ಕಲ್ಲು. “ಕಲ್ಲ ಹತ್ತೇತ್ರಿ, ಇನ್ನ ಕೇಸಿಂಗ್ ಬ್ಯಾಡ” ಎಂದು ಲಾರಿಯ ಹುಡುಗ ಕೂಗಿದರೆ ಬೆಡ್‌ರಾಕ್ ಬಂತು ಎಂದೇ ಅರ್ಥ. ಬಾವಿ ತೋಡುವವರ ಬಾಯಲ್ಲೂ ಅದೇ: ಕಲ್ಲು ಹತ್ತಿತು, ಬಂಡೆ ಹತ್ತಿತು. ಕ್ರಿಯಾಪದ ಚೆನ್ನಾಗಿದೆ, ಅದರಿಂದ ನಾಮಪದ ಮಾಡಲು ಬರುವುದಿಲ್ಲ. ಬರೀ ‘ಬಂಡೆ’ ಎಂದು ಬರೆದುಬಿಡೋಣವೆಂದರೆ ಮಳೆಗಾಲದ ಪತ್ರಿಕೆ ಅಡ್ಡ ಬರುತ್ತದೆ: “ಘಾಟಿಯಲ್ಲಿ ಬಂಡೆ ಉರುಳಿ ಸಂಚಾರ ಸ್ಥಗಿತ.” ಉರುಳುವುದೂ ಬಂಡೆ, ಉರುಳದೆ ನಿಂತದ್ದೂ ಬಂಡೆ. ಬೆಂಗಳೂರಿನ ಕಡೆ ಬಂಡೆ ಎಂದರೆ ಬೆನ್ನುಬ್ಬಿದ ಬೋಳು ಗ್ರಾನೈಟು, ಅಲ್ಲಿ ಗುಂಡುಕಲ್ಲಿಗೂ ಬಂಡೆಗೂ ಭೇದ ಎಣಿಸುವವರಿದ್ದಾರೆ. ಆದರೆ ಬರವಣಿಗೆಗೆ ಬಂದಾಗ ಆ ಭೇದ ಉಳಿದಿಲ್ಲ.

ಪಠ್ಯಪುಸ್ತಕದ ದಾರಿಯಲ್ಲಿ ಹೋದರೆ ತಳಶಿಲೆ, ಮೂಲಶಿಲೆ, ಮಾತೃಶಿಲೆ, ಆಧಾರಶಿಲೆ ಸಿಗುತ್ತವೆ. ಇವುಗಳಲ್ಲಿ ಮಾತೃಶಿಲೆಯನ್ನು ಮಣ್ಣಿನ ಪಾಠಕ್ಕೆ ಬಿಟ್ಟುಕೊಡಬೇಕು. ಯಾವ ಕಲ್ಲು ಕೊಳೆತು ಈ ಮಣ್ಣಾಯಿತೋ ಅದು ಮಾತೃಶಿಲೆ. ಬಾಗಲಕೋಟೆ ಸೀಮೆಯಲ್ಲಿ ಹೊಳೆ ತಂದು ಹರಡಿದ ಎರೆಯ ಅಡಿಯಲ್ಲಿ ಸುಣ್ಣಕಲ್ಲು ಇರಬಹುದು. ಆ ಎರೆಗೆ ತಾಯಿ ಬೇರೆಲ್ಲೋ ಇದ್ದಾಳೆ. ಆಧಾರಶಿಲೆ ಎಂದರೆ ಹಿಂದಿ ಬಲ್ಲವರಿಗೆ ಮಂತ್ರಿಗಳು ಇಡುವ ಕಲ್ಲು ನೆನಪಾಗುತ್ತದೆ. ಅದೇ ಕಾರಣಕ್ಕೆ ಅಚ್ಚಗನ್ನಡದ ‘ಅಡಿಗಲ್ಲು’ ಕೂಡ ಕೈತಪ್ಪಿದೆ, ಅದು ಶಂಕುಸ್ಥಾಪನೆಯವರ ಸ್ವತ್ತಾಗಿ ಬಹಳ ಕಾಲವಾಯಿತು. ಇನ್ನೊಬ್ಬ ಗೆಳೆಯರು ‘ಹಾಸುಬಂಡೆ’ ಎಂದರು. ‘ಬೆಡ್’ ಎಂಬುದನ್ನು ಹಾಸಿಗೆಯಾಗಿ ಕಂಡ ಪದ ಅದು. ಕನ್ನಡದಲ್ಲಿ ಹಾಸುಬಂಡೆ ಎಂದರೆ ನೆಲದ ಮೇಲೆ ಚಾಪೆಯಂತೆ ಹರಡಿದ, ರಾಶಿ ಒಕ್ಕಲು, ಬಟ್ಟೆ ಒಣಹಾಕಲು ಬರುವ ಬಂಡೆ. ಹಳಗನ್ನಡದ ‘ಪಾಸಱೆ’ ಅದೇ. ಕಡಿದಾಗಿ ನಿಂತ ಬಾದಾಮಿಯ ಗೋಡೆಯನ್ನು ಹಾಸುಬಂಡೆ ಎಂದರೆ ಊರವರು ನಗುತ್ತಾರೆ.

‘ಅಱೆ’ ಎಂದ ಮೇಲೆ ಒಂದು ಮಾತು ಬಿಟ್ಟು ಮುಂದೆ ಹೋಗಲಾಗದು. ಬಂಡೆ ಎಂಬರ್ಥದ ಅಱೆಗೆ ಹಳಗನ್ನಡದಲ್ಲಿ ಱಕಾರ, ಅರ್ಧ ಎಂಬರ್ಥದ ಅರೆಗೆ ರಕಾರ. ಱ ಹೋದ ಮೇಲೆ ಎರಡೂ ಒಂದಾದವು, ಪಾಪ ಬಂಡೆಯೇ ಸೋತಿತು. ಈಗ ‘ಅರೆ’ ಎಂದು ಬರೆದರೆ ಅರ್ಧ ಎಂದೋ ಖಾರ ಅರೆ ಎಂದೋ ಓದುತ್ತಾರೆ. ದಕ್ಷಿಣದ ಹಳ್ಳಿಗಳ ಬಾಯಲ್ಲೂ ಊರ ಹೆಸರುಗಳಲ್ಲೂ ಅದು ಇನ್ನೂ ಬದುಕಿದೆ. ಪುಸ್ತಕದ ಕನ್ನಡಕ್ಕೆ ಮರಳಿ ತರುವಷ್ಟು ಧೈರ್ಯ ನನಗಿಲ್ಲ.

ಹೀಗೆ ಹುಡುಕುವಾಗ ಒದಗಿದ ಪದ ‘ಹುಟ್ಟುಬಂಡೆ’. ಶಾಸನ ಓದುವವರು ಇದನ್ನು ಸಲೀಸಾಗಿ ಬಳಸುತ್ತಾರೆ: ಈ ಶಾಸನ ನಿಲ್ಲಿಸಿದ ಕಲ್ಲಿನ ಮೇಲಿಲ್ಲ, ಕೆರೆಯ ಪಕ್ಕದ ಹುಟ್ಟುಬಂಡೆಯ ಮೇಲಿದೆ ಎಂದು. ತಂದು ನೆಟ್ಟದ್ದಲ್ಲ, ಉರುಳಿ ಬಂದದ್ದಲ್ಲ, ಅಲ್ಲಿಯೇ ಹುಟ್ಟಿದ್ದು. ಬಾದಾಮಿಯಲ್ಲಿ ಒಂದನೆಯ ಪುಲಕೇಶಿಯ ಕಾಲದ, ಶಕ 465ರ, ಅಂದರೆ ಕ್ರಿ.ಶ. 543ರ ಕೋಟೆಯ ಶಾಸನ ಕೊರೆದದ್ದು ಹುಟ್ಟುಬಂಡೆಯ ಮೇಲೆ. ಕಪ್ಪೆ ಅರಭಟ್ಟನ ತ್ರಿಪದಿ ಇರುವುದೂ ಹುಟ್ಟುಬಂಡೆಯ ಮೇಲೆಯೇ. ಶಕ 500, ಅಂದರೆ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹಾಲಯವನ್ನು ಅದೇ ಬಂಡೆಯ ಹೊಟ್ಟೆಯಲ್ಲಿ ಕೊರೆದಿದ್ದಾರೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಕಲ್ಲೂ ಮರಳುಗಲ್ಲೇ, ಆದರೆ ಕಣಿಯಲ್ಲಿ ಕಡಿದು ಹೊರಗೆ ತಂದ ಮೇಲೆ ಅದು ಹುಟ್ಟುಬಂಡೆಯಲ್ಲ. ಕೊರೆದ ಗುಡಿಗೂ ಕಟ್ಟಿದ ಗುಡಿಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಹದವಾದ ಪದ ಸಿಗಲಾರದು.

ನನ್ನ ಮುಖ್ಯ ಪ್ರಶ್ನೆ ಇಲ್ಲಿದೆ. ಕಣ್ಣಿಗೆ ಕಾಣುವ ಬಂಡೆಗೆ ಹುಟ್ಟುಬಂಡೆ ಒಪ್ಪುತ್ತದೆ. ಮಣ್ಣಿನಡಿ ಹುದುಗಿ ಯಾರೂ ನೋಡದ ಕಲ್ಲಿಗೂ ಅದನ್ನೇ ಹೇಳಿದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? “ಈ ಹೊಲದಲ್ಲಿ ಮೂವತ್ತು ಅಡಿಗೆ ಹುಟ್ಟುಬಂಡೆ ಸಿಗುತ್ತದೆ” ಎಂಬ ವಾಕ್ಯ ನನಗೆ ಸಹಜವಾಗಿಯೇ ಕಾಣುತ್ತದೆ. ಭೂವಿಜ್ಞಾನದ ಗೆಳೆಯರ ತಕರಾರು ಬೇರೆಯೇ, ಅದನ್ನು ತಳ್ಳಿಹಾಕುವಂತಿಲ್ಲ. ‘ಬಂಡೆ’ ಎಂದರೆ ಗಟ್ಟಿ ಎಂದು ಕನ್ನಡದ ಕಿವಿ ತಿಳಿಯುತ್ತದೆ. ಬೆಡ್‌ರಾಕ್ ಗಟ್ಟಿ ಇರಲೇಬೇಕೆಂದೇನಿಲ್ಲ. ಬಾದಾಮಿ ಸುತ್ತಿನಲ್ಲಿಯೇ ಮರಳುಗಲ್ಲಿನ ಮೇಲೆ ಕೆಳಗೆ ಜೇಡುಶಿಲೆಯ ಪದರಗಳಿವೆ. ಹಲಕುರ್ಕಿ, ಹಲಗೇರಿ ಎಂಬ ಊರುಗಳ ಹೆಸರಿನಲ್ಲೇ ಅವನ್ನು ಕರೆಯುತ್ತಾರೆ. ಇವು ಹಾಳೆಹಾಳೆಯಾಗಿ ಏಳುವ ಮೆತ್ತನೆಯ ಕಲ್ಲು. ಇದನ್ನು ರೈತ ‘ಬಂಡೆ’ ಎನ್ನುವುದು ಅನುಮಾನ. ಆ ಲೆಕ್ಕಕ್ಕೆ ‘ತಳಶಿಲೆ’ ನಿರ್ಲಿಪ್ತ ಪದ, ಗಟ್ಟಿಗೂ ಮೆತ್ತಗೆಗೂ ಸಲ್ಲುತ್ತದೆ. ಆದರೆ ‘ತಳ’ ಎಂದ ಕೂಡಲೇ ಅದು ಕೆಳಗೆ ಇರಬೇಕು. ಯಲ್ಲಮ್ಮನ ಗುಡ್ಡದ ನೆತ್ತಿಯ ಮೇಲೆ ನಿಂತು ಕಾಲಡಿಯ ಕಲ್ಲನ್ನು ತಳಶಿಲೆ ಎಂದು ಮಕ್ಕಳಿಗೆ ಹೇಳುವುದು ಹೇಗೆ? ಎರಡರಲ್ಲಿ ಒಂದು ಕುಂದನ್ನು ಒಪ್ಪಿಕೊಳ್ಳಲೇಬೇಕಾದರೆ ನಾನು ಹುಟ್ಟುಬಂಡೆಯ ಪಕ್ಷ.

ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಭೂವಿಜ್ಞಾನದಲ್ಲಿ ‘ಬೇಸ್‌ಮೆಂಟ್’ ಎಂಬ ಇನ್ನೊಂದು ಪದವಿದೆ: ಪದರಪದರವಾಗಿ ಕೂತ ಕಲ್ಲುಗಳೆಲ್ಲದರ ಅಡಿಯಲ್ಲಿರುವ ಹಳೆಯ ಕಲ್ಲು. ಕನ್ನಡದ ಬರಹಗಳಲ್ಲಿ ಇದನ್ನೂ ಬೆಡ್‌ರಾಕನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದರೆ ಮಲಪ್ರಭಾ ಕಣಿವೆಯ ಕಥೆಯೇ ಕೆಡುತ್ತದೆ. ಏಕೆ ಎಂಬುದಕ್ಕೆ ಸ್ವಲ್ಪ ಕಲ್ಲಿನ ವಿವರ ಹೇಳಬೇಕು, ತಾಳ್ಮೆಯಿಂದ ಓದಿ.

ಈ ಸೀಮೆಯ ನೆಲ ಒಂದರ ಮೇಲೊಂದು ಕೂತ ಮಾಳಿಗೆಗಳಂತಿದೆ. ಎಲ್ಲಕ್ಕಿಂತ ಕೆಳಗೆ ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು, ಗ್ರಾನೈಟ್, ಜೊತೆಗೆ ಹುನಗುಂದ–ಕುಷ್ಟಗಿ ಪಟ್ಟಿಯ, ಹಾಳೆಯಂತೆ ಸೀಳುವ ಶಿಸ್ಟ್ ಕಲ್ಲುಗಳು. ಇವು 250 ಕೋಟಿ ವರ್ಷಗಳ ಆಚೀಚಿನವು, ಕೆಲವು ಇನ್ನೂ ಹಳೆಯವು. ಇದರ ಮೇಲೆ ನೀರಿನಡಿ ಜಮಾಯಿಸಿದ ಮರಳು, ಕೆಸರು, ಸುಣ್ಣ ಗಟ್ಟಿಯಾಗಿ ಆದ ಕಲ್ಲುಗಳಿವೆ. ಇವನ್ನೆಲ್ಲ ಸೇರಿಸಿ ಕಲಾದಗಿ ಸಮೂಹ ಎನ್ನುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ನೆಲದ ಬಗ್ಗೆ 1876ರಲ್ಲಿ ಪ್ರಕಟಿಸಿದ ವರದಿಯಿಂದ ಘಟಪ್ರಭೆಯ ದಂಡೆಯ ಕಲಾದಗಿ ಊರಿನ ಹೆಸರು ಭೂವಿಜ್ಞಾನದ ನಕ್ಷೆಗೆ ಸೇರಿತು. ಈ ಸಮೂಹದಲ್ಲಿ ಎರಡು ಭಾಗ. ಕೆಳಗಿನದು ಬಾಗಲಕೋಟೆ ಗುಂಪು: ಬೆಣಚುಶಿಲೆ, ಸುಣ್ಣಕಲ್ಲು, ಡಾಲಮೈಟ್, ಜೇಡುಶಿಲೆ. ನೂರು ಕೋಟಿ ವರ್ಷಕ್ಕೂ ಹಿಂದಿನ ಈ ಪದರಗಳು ಆಮೇಲೆ ಒತ್ತಡಕ್ಕೆ ಸಿಕ್ಕು ಮಡಿಚಿಕೊಂಡಿವೆ, ವಾಲಿವೆ. ಗಟ್ಟಿ ಬೆಣಚುಶಿಲೆ ಪೂರ್ವ–ಪಶ್ಚಿಮವಾಗಿ ಏರುಗುಡ್ಡಗಳ ಸಾಲಾಗಿ ನಿಂತು, ಮೆತ್ತನೆಯ ಸುಣ್ಣಕಲ್ಲು, ಜೇಡುಶಿಲೆ ಸವೆದು ನಡುವಿನ ತಗ್ಗಾಗಿವೆ. ಲೋಕಾಪುರ, ಮುಧೋಳ, ಬಾಗಲಕೋಟೆಗಳ ಸಿಮೆಂಟ್ ಕಾರ್ಖಾನೆಗಳು ಹೊಟ್ಟೆ ತುಂಬಿಸಿಕೊಳ್ಳುವುದು ಈ ಸುಣ್ಣಕಲ್ಲಿನಿಂದ. ಮೇಲಿನದು ಬಾದಾಮಿ ಗುಂಪು, ಇದು ಬಹುಪಾಲು ಮಡಿಕೆ ಬೀಳದೆ ಮಟ್ಟಸವಾಗಿ ಕೂತ ಕೆಂಪು ಮರಳುಗಲ್ಲು. ಉತ್ತರಕ್ಕೂ ಪಶ್ಚಿಮಕ್ಕೂ ಹೋದರೆ ಇದೆಲ್ಲದರ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖನ್ ಲಾವಾದ ಕರಿಕಲ್ಲು ಹೊದಿಕೆಯಾಗಿ ಬರುತ್ತದೆ.

ಈಗ ನೋಡಿ. ಇಳಕಲ್ಲಿನಲ್ಲಿ ಮಣ್ಣು ಸರಿಸಿದರೆ ಸಿಗುವುದು ಗುಲಾಬಿ ಗ್ರಾನೈಟು. ಅಲ್ಲಿ ಬೆಡ್‌ರಾಕೂ ಅದೇ, ಬೇಸ್‌ಮೆಂಟೂ ಅದೇ. ಬಾದಾಮಿಯಲ್ಲಿ ಮಣ್ಣು ಸರಿಸಿದರೆ ಮರಳುಗಲ್ಲು, ಇದು ಬೆಡ್‌ರಾಕ್ ಮಾತ್ರ. ಅಲ್ಲಿಯ ಬೇಸ್‌ಮೆಂಟ್ ಮರಳುಗಲ್ಲಿನ ಕೆಳಗೆ ಆಳದಲ್ಲಿದೆ. ಲೋಕಾಪುರದಲ್ಲಿ ಬೆಡ್‌ರಾಕ್ ಸುಣ್ಣಕಲ್ಲು, ಬೆಳಗಾವಿಯ ಸುತ್ತ ಬಹಳಷ್ಟು ಕಡೆ ಕರಿಕಲ್ಲು. ಒಂದೇ ಸೀಮೆಯಲ್ಲಿ ಬೆಡ್‌ರಾಕ್ ಊರೂರಿಗೆ ಬದಲಾಗುತ್ತದೆ, ಬೇಸ್‌ಮೆಂಟ್ ಮಾತ್ರ ಎಲ್ಲದರ ಅಡಿಯಲ್ಲೂ ಅದೇ ಹಳೆಯ ಮಂದಿ. ಎರಡಕ್ಕೂ ‘ತಳಶಿಲೆ’ ಎಂದು ಬರೆದರೆ “ಬಾದಾಮಿಯ ತಳಶಿಲೆ ಮರಳುಗಲ್ಲು, ಅದರ ತಳಶಿಲೆ ಗ್ರಾನೈಟ್” ಎಂಬ ವಾಕ್ಯ ಹುಟ್ಟುತ್ತದೆ. ಓದಿದ ಮಗು ಪುಸ್ತಕ ಮುಚ್ಚುತ್ತದೆ.

ಬೇಸ್‌ಮೆಂಟಿಗೆ ನನ್ನ ಮನಸ್ಸು ‘ಬುನಾದಿಶಿಲೆ’ಯ ಕಡೆ ವಾಲುತ್ತಿದೆ. ಬುನಾದಿ ನಮ್ಮ ಕಡೆ ಮನೆಮಾತು, ಪಾಯ ಎನ್ನುವವರಿಗೂ ತಿಳಿಯುತ್ತದೆ. ಮೇಲೆ ಏನೋ ಕಟ್ಟಿದೆ ಎಂಬ ಧ್ವನಿ ಅದರಲ್ಲಿದೆ, ಬೇಸ್‌ಮೆಂಟಿನ ಅರ್ಥವೂ ಅದೇ. ಪಾರಸಿ ಪದಕ್ಕೆ ಶಿಲೆ ಅಂಟಿಸಿದ್ದು ಅರಿಸಮಾಸವಾಯಿತೆಂದು ಗೊಣಗುವವರು ಗೊಣಗಲಿ; ಅವರಿಗೆ ‘ಬುನಾದಿಗಲ್ಲು’ ಕೊಡಬಹುದು, ಆದರೆ ಅದು ಮತ್ತೆ ಮಂತ್ರಿಗಳ ಕಲ್ಲಿನ ಹತ್ತಿರ ಸರಿಯುತ್ತದೆ. ಬೇಸ್‌ಮೆಂಟ್ ಎಂಬ ಪದವನ್ನೇ ಉಳಿಸಿದರೆ ಓದುವವರು ಕಾರು ನಿಲ್ಲಿಸುವ ಜಾಗ ಎಂದುಕೊಳ್ಳುತ್ತಾರೆ. ಕನ್ನಡ ಬಲ್ಲ ಭೂವಿಜ್ಞಾನಿಗಳು ಬಳಗದಲ್ಲಿದ್ದಾರೆ, ತರಗತಿಯಲ್ಲಿ ನೀವು ಏನು ಹೇಳುತ್ತೀರಿ?

ಮುಂದಿನ ಕಗ್ಗಂಟು ‘ಫಾರ್ಮೇಷನ್’. ಪತ್ರಿಕೆಯವರು ‘ವಿಸ್ಮಯಕಾರಿ ಶಿಲಾರಚನೆಗಳು’ ಎಂದು ಬರೆದಾಗ ಅವರ ಮನಸ್ಸಿನಲ್ಲಿರುವುದು ಆಕಾರ: ಬಾದಾಮಿ ಕೋಟೆಯ ಓಣಿಯಂಥ ಸೀಳುಗಳು, ಕೋಡುಗಲ್ಲುಗಳು, ಮೇಲೆ ಚಾಚಿದ ಚಾವಣಿಗಳು. ಭೂವಿಜ್ಞಾನಿ ಕೇರೂರು ಫಾರ್ಮೇಷನ್, ಕಟಗೇರಿ ಫಾರ್ಮೇಷನ್ ಎಂದಾಗ ಆಕಾರದ ಮಾತೇ ಇಲ್ಲ. ಅದು ನಕ್ಷೆಯ ಮೇಲೆ ಗೆರೆ ಎಳೆದು ಬೇರ್ಪಡಿಸಬಹುದಾದ, ಒಟ್ಟಿಗೆ ಜಮಾಯಿಸಿದ ಪದರಗಳ ಒಂದು ಕಟ್ಟು. ಎರಡನ್ನೂ ‘ರಚನೆ’ ಎಂದರೆ ಬಾದಾಮಿಯಂಥ ಊರಿನಲ್ಲಿ ಗೊಂದಲ ಖಂಡಿತ, ಅಲ್ಲಿ ಎರಡೂ ಒಂದೇ ಕಡೆ ಕಾಣುತ್ತವೆ. ಎರಡನೆಯದಕ್ಕೆ ‘ಪದರಕಟ್ಟು’ ಎಂದಿಟ್ಟುಕೊಂಡಿದ್ದೇನೆ: ಕೇರೂರು ಪದರಕಟ್ಟು, ಕಟಗೇರಿ ಪದರಕಟ್ಟು. ಬೇಡವೆನ್ನುವವರು ಬೇರೆ ಸೂಚಿಸಿ, ಇದರ ಬಗ್ಗೆ ನನಗೆ ಹಠವಿಲ್ಲ.

ಹಠ ಇರುವುದು ಇನ್ನೊಂದರ ಬಗ್ಗೆ. ಕೇರೂರು ಪದರಕಟ್ಟಿನ ಒಳಗಿನ ಒಂದು ಭಾಗಕ್ಕೆ, ಗುಹಾಲಯಗಳನ್ನು ಕೊರೆದ ಆ ಕೆಂಪು ಮರಳುಗಲ್ಲಿಗೆ, ಭೂವಿಜ್ಞಾನಿಗಳು ಇಟ್ಟ ಹೆಸರು ‘ಕೇವ್ ಟೆಂಪಲ್ ಆರೆನೈಟ್’. ಆರೆನೈಟ್ ಎಂದರೆ ಕೆಸರು ಕಡಿಮೆಯಿರುವ, ಮರಳಿನ ಕಣಗಳೇ ಮುಖ್ಯವಾದ ಮರಳುಗಲ್ಲು. ಅದರ ಕೆಳಗಿನದು ಕೆಂದೂರು ಪೆಂಟೆಶಿಲೆ, ಹೊಳೆಗುಂಡುಗಳು ಅಂಟಿ ಗಟ್ಟಿಯಾದದ್ದು. ಅಕ್ಕಪಕ್ಕದ ಪದರಗಳಿಗೆಲ್ಲ ಊರ ಹೆಸರು ಸಿಕ್ಕಿ, ನಡುವೆ ಇದೊಂದಕ್ಕೆ ಮಾತ್ರ ಇಂಗ್ಲಿಷ್ ವರ್ಣನೆ ಸಿಕ್ಕಿದೆ. ಹಳಬರು ಆ ಗುಹಾಲಯಗಳನ್ನು ‘ಮೇಣಬಸದಿ’ ಎನ್ನುತ್ತಾರೆ. ‘ಮೇಣಬಸದಿ ಮರಳುಗಲ್ಲು’ ಎಂದು ಬರೆದರೆ ಭೂವಿಜ್ಞಾನಕ್ಕೇನೂ ನಷ್ಟವಿಲ್ಲ, ಕನ್ನಡಕ್ಕೆ ಲಾಭವಿದೆ. ವಿಜ್ಞಾನದ ಹೆಸರುಗಳನ್ನು ಅನುವಾದಿಸಬಾರದು, ಇದ್ದಂತೆ ಬರೆಯಬೇಕು ಎಂದು ಗೆಳೆಯರ ವಾದ. ಕೆಂದೂರು ಎಂಬುದು ಹೆಸರು, ನಿಜ; ಗುಹಾಲಯ ಎಂಬುದು ಹೆಸರಲ್ಲ, ವಿವರಣೆ. ವಿವರಣೆಯನ್ನು ಕನ್ನಡದಲ್ಲಿ ಕೊಡಲು ಯಾರ ಅಪ್ಪಣೆ ಬೇಕು?

ಈ ಮರಳುಗಲ್ಲಿನ ಮೈಯನ್ನು ವರ್ಣಿಸಲು ಮಾತ್ರ ಪದಗಳಿಗೆ ಬರವಿಲ್ಲ. ಕಣಕಣಕ್ಕೂ ಅಂಟಿದ ಕಬ್ಬಿಣದ ತುಕ್ಕಿನಿಂದ ಬಂದ ಕೆಂಪು. ಮಟ್ಟಸ ಪದರಗಳ ಒಳಗೆ ಓರೆಯಾಗಿ ಇಳಿಯುವ ಗೆರೆಗಳಿವೆ. ನೀರು ಮರಳನ್ನು ಒಂದು ದಿಕ್ಕಿಗೆ ನೂಕಿದ ಗುರುತು ಅದು. ಅದಕ್ಕೆ ‘ಓರೆಪದರ’ ಎಂದಿದ್ದೇನೆ. ಕಲ್ಲಿನ ಮೇಲೆ ಅಲೆ ಮೂಡಿಸಿದ ಸಾಲುಸಾಲು ಏರಿಳಿತಕ್ಕೆ ‘ತೆರೆಗುರುತು’. ಓರೆಪದರ ನೋಡಲು ಗುಡ್ಡ ಹತ್ತಬೇಕೆಂದಿಲ್ಲ. ಪಟ್ಟದಕಲ್ಲಿನ ಗೋಡೆಗಳ ಕಲ್ಲನ್ನೇ ಹತ್ತಿರದಿಂದ ನೋಡಬಹುದು, ಶಿಲ್ಪದ ಮೈಮೇಲೂ ಆ ಗೆರೆಗಳು ಹಾದುಹೋಗಿರುತ್ತವೆ. ಪದರ ಮಟ್ಟಸವಾಗಿರುವುದರಿಂದ, ನಿಲುವಾದ ಬಿರುಕುಗಳು ಅದನ್ನು ಸೀಳಿರುವುದರಿಂದ ಬಂಡೆ ಒಡೆದರೆ ಗೋಡೆಯಂತೆ ಒಡೆಯುತ್ತದೆ. ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ಎರಡೂ ಬದಿಯ ಕಡಿದಾದ ಗುಡ್ಡಗಳು ಹಾಗೆ ಆದವು. ಈಗ ಅಲ್ಲಿ ದೇಶವಿದೇಶದ ಹುಡುಗರು ಹಗ್ಗ ಕಟ್ಟಿಕೊಂಡು ಬಂಡೆ ಹತ್ತುತ್ತಿರುತ್ತಾರೆ. ಕಲ್ಲಿನ ಪ್ರತಿಯೊಂದು ಚಾಚು, ಬಿರುಕಿಗೂ ಅವರ ಭಾಷೆಯಲ್ಲಿ ಹೆಸರಿದೆ.

ಕೆಂಪಿನ ಮಾತು ಬಂತು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಪಟ್ಟಣ. ಹೊಳೆ ಉತ್ತರಕ್ಕೆ ತಿರುಗುವ ಆ ದಂಡೆಯಲ್ಲಿ ನಿಂತು ಸುತ್ತ ನೋಡಿದವರಿಗೆ ಹೆಸರಿಗೆ ವ್ಯಾಖ್ಯಾನ ಬೇಕಾಗದು. ಮಾಣಿಕ್ಯಕ್ಕೆ ‘ಕಿಸುಗಲ್’ ಎಂದಿದ್ದ ಭಾಷೆ ನಮ್ಮದು. ಇಂದು ಕಿಸು ಎಲ್ಲಿಯಾದರೂ ಆಡುಮಾತಿನಲ್ಲಿ ಉಳಿದಿದೆಯೇ? ಕಣ್ಣು ‘ಕಿಸುರಾಗು’ ಎಂಬಂಥ ಬಳಕೆ ನಿಮ್ಮ ಊರುಗಳಲ್ಲಿದ್ದರೆ ತಿಳಿಸಿ.

ಬಾಗಲಕೋಟೆ, ಬಾದಾಮಿ ಗುಂಪುಗಳ ನಡುವಿನ ಗಡಿಯ ಬಗ್ಗೆ ಒಂದು ಮಾತು. ಕೆಳಗೆ ವಾಲಿದ, ಮಡಿಚಿದ ಪದರಗಳು. ಅವು ಸವೆದು ಬೋಳಾದ ಮೇಲೆ ಅದರ ಮೇಲೆ ಮಟ್ಟಸವಾಗಿ ಕೂತ ಹೊಸ ಪದರಗಳು. ಕೆಲವೆಡೆ ಬಾದಾಮಿಯ ಮರಳುಗಲ್ಲು ನೇರವಾಗಿ ಗ್ರಾನೈಟಿನ ಮೇಲೆಯೇ ಕೂತಿದೆ, ಅಲ್ಲಿ ಒಂದು ಗೆರೆಯ ಕೆಳಗೂ ಮೇಲೂ ಬೆರಳಿಟ್ಟರೆ ನಡುವೆ ನೂರು ಕೋಟಿ ವರ್ಷಕ್ಕಿಂತ ಹೆಚ್ಚು ಕಾಲ ಕಾಣೆಯಾಗಿರುತ್ತದೆ. ಇದಕ್ಕೆ ‘ಅಸಂಗತಿ’ ಎಂಬ ಪದ ಬಳಕೆಯಲ್ಲಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಸಂಗತ ನಾಟಕ ನೆನಪಾದರೂ ಅಡ್ಡಿಯಿಲ್ಲ, ಪದ ಸರಿಯಾಗಿಯೇ ಇದೆ. ಆದರೂ ವ್ಯಾಕರಣ ಓದಿದ ಬಾಯಿಗೆ ಬೇರೊಂದು ಪದ ಚಪಲ ಹುಟ್ಟಿಸುತ್ತದೆ. ಎರಡು ಕೂಡುವಲ್ಲಿ ನಡುವಿನದೊಂದು ಬಿದ್ದುಹೋದರೆ ನಾವು ಏನೆನ್ನುತ್ತೇವೆ? ಲೋಪಸಂಧಿ! ಹೊತ್ತಗೆಯಲ್ಲಿ ಹಾಕುವುದಿಲ್ಲ, ಹೆದರಬೇಡಿ.

‘ಬೇಸಿನ್’ ಬಗ್ಗೆ ಚುಟುಕಾಗಿ ಕೇಳುತ್ತೇನೆ. ಕೃಷ್ಣಾ ಕೊಳ್ಳ, ಕಾವೇರಿ ಕೊಳ್ಳ ಎಂದು ನೀರಾವರಿ ಸುದ್ದಿಗಳಲ್ಲಿ ಬರೆದು ಬರೆದು, ಕೊಳ್ಳ ಎಂದರೆ ನದಿಗೆ ನೀರು ಕೊಡುವ ಇಡೀ ಸೀಮೆ ಎಂದಾಗಿದೆ. ಬಾದಾಮಿ ಕಡೆ ಕೊಳ್ಳ ಎಂದರೆ ಗುಡ್ಡಗಳ ನಡುವಿನ ಇಕ್ಕಟ್ಟಾದ, ಮರಗಳಿರುವ, ಮಳೆಗಾಲದಲ್ಲಿ ನೀರು ಧುಮುಕುವ ತಾವು: ನಾಗನಾಥಕೊಳ್ಳ, ರಾಮದುರ್ಗದ ಕಡೆಯ ಶಬರಿಕೊಳ್ಳ. ಭೂವಿಜ್ಞಾನಿಗಳ ‘ಕಲಾದಗಿ ಬೇಸಿನ್’ ಎರಡೂ ಅಲ್ಲ. ಅದು ಕೋಟ್ಯಂತರ ವರ್ಷಗಳ ಹಿಂದೆ ನೆಲ ಕುಸಿದು ತಗ್ಗಾಗಿ, ಮರಳು ಕೆಸರು ತುಂಬಿಕೊಂಡ ಜಾಗ. ಇಂದಿನ ಘಟಪ್ರಭೆ, ಮಲಪ್ರಭೆಗೂ ಆ ತಗ್ಗಿಗೂ ಸಂಬಂಧವಿಲ್ಲ. ಈ ಹೊಳೆಗಳು ಆಮೇಲೆ ಬಂದು ಅದರ ಕಲ್ಲನ್ನು ಕೊರೆಯುತ್ತಿವೆ. ಗೋಕಾಕದಲ್ಲಿ ಘಟಪ್ರಭೆ ಆ ಗಟ್ಟಿ ಪದರದ ಅಂಚಿನಿಂದ 52 ಮೀಟರ್ ಕೆಳಗೆ ಹಾರುತ್ತದೆ, ನವಿಲುತೀರ್ಥದಲ್ಲಿ ಮಲಪ್ರಭೆ ಬೆಣಚುಶಿಲೆಯ ಏರನ್ನು ಸೀಳಿ ದಾಟುತ್ತದೆ. ಆ ಸೀಳಿಗೇ ಅಣೆಕಟ್ಟು ಕಟ್ಟಿ ರೇಣುಕಾಸಾಗರ ಮಾಡಿದ್ದಾರೆ. ‘ಕಲಾದಗಿ ಕೊಳ್ಳ’ ಎಂದರೆ ಓದುಗ ನೀರಿನ ಜಗಳದ ಸುದ್ದಿ ಎಂದುಕೊಂಡಾನು. ‘ಕಲಾದಗಿ ತಗ್ಗು’ ಸಾಕೇ? ರಸ್ತೆಯ ತಗ್ಗಿನಷ್ಟು ಸಣ್ಣದಾಗಿ ಕೇಳಿಸುತ್ತದೆಯೇ?

ಕೊನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಪದ. ಬಾದಾಮಿಯ ಹತ್ತಿರ ‘ಸಿಡಿಲಪಡಿ’ ಇದೆ. ಮರಳುಗಲ್ಲಿನ ದೊಡ್ಡ ಕಮಾನು, ಮೇಲೆ ತೂತುಗಳು, ಒಳಗೆ ಇತಿಹಾಸಪೂರ್ವದ ಚಿತ್ರಗಳು. ಸಿಡಿಲು ಬಡಿದು ಆ ತೂತುಗಳಾದವು ಎಂದು ಜನ ಹೇಳುತ್ತಾರೆ. ಬರೆಯುವಾಗ ಕೆಲವರು ಸಿಡ್ಲಫಡಿ ಎನ್ನುತ್ತಾರೆ. ಐಹೊಳೆಯಲ್ಲಿ ‘ರಾವಳಫಡಿ’ ಇದೆ, ಹುಟ್ಟುಬಂಡೆಯಲ್ಲಿ ಕೊರೆದ ಗುಡಿ. ಅದನ್ನು ರಾವಣನಿಗೆ ಅಂಟಿಸಿ ‘ರಾವಣಫಡಿ’ ಮಾಡಿದವರೂ ಇದ್ದಾರೆ. ಈ ಪಡಿ, ಫಡಿ ಏನು?

ಗೊತ್ತಿರುವ ಪಡಿಗಳೆಲ್ಲ ಬೇರೆ. ಪಡಿ ಎಂದರೆ ಅಳತೆ, ದಿನದ ಪಡಿ, ಪಡಿತರ. ಪಡಿ ಎಂದರೆ ಬಾಗಿಲ ಕದ. ಪಡಿಯಚ್ಚಿನ ಪಡಿ ಮತ್ತೊಂದು. ‘ಚಪ್ಪಡಿ’ಯ ಕೊನೆಯಲ್ಲಿ ಕೇಳಿಸುವ ಪಡಿ ಇದರ ನಂಟನೋ, ಕೇವಲ ಸದ್ದಿನ ಹೋಲಿಕೆಯೋ? ಕೆಲವರು ಪಡಿ ಎಂದರೆ ಬಂಡೆ ಎಂದೇ ಬಿಡಿಸುತ್ತಾರೆ: ಸಿಡಿಲಪಡಿ, ಸಿಡಿಲ ಬಂಡೆ. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಸಿಡಿಲಪಡಿಯೂ ರಾವಳಫಡಿಯೂ ಬರಿಯ ಬಂಡೆಗಳಲ್ಲ. ಎರಡರಲ್ಲೂ ಒಳಗೆ ಹೋಗಿ ನಿಲ್ಲಬಹುದು, ತಲೆಯ ಮೇಲೆ ಕಲ್ಲಿನ ಚಾವಣಿ ಇದೆ. ಮರಳುಗಲ್ಲಿನ ಗುಡ್ಡದಲ್ಲಿ ಇಂಥ ತಾವುಗಳು ಸುಲಭವಾಗಿ ಆಗುತ್ತವೆ. ಕೆಳಗಿನ ಮೆತ್ತನೆಯ ಪದರ ಪುಡಿಯಾಗಿ ಉದುರುತ್ತದೆ, ಮೇಲಿನ ಗಟ್ಟಿ ಪದರ ಚಾಚಿಕೊಂಡು ನಿಲ್ಲುತ್ತದೆ. ಹಾಗೆ ಚಾಚಿದ ಬಂಡೆಯ ಅಡಿಯ ತಾವಿಗೇ ಪಡಿ ಎನ್ನುತ್ತಿದ್ದಿರಬಹುದೇ ಎಂಬುದು ನನ್ನ ಊಹೆ. ಅದು ನಿಜವಾದರೆ ಪುರಾತತ್ವದವರು ‘ಕಲ್ಲಾಸರೆ’ ಎನ್ನುವ, ಭಾರವಾಗಿ ಬರೆಯುವವರು ‘ಶಿಲಾಶ್ರಯ’ ಎನ್ನುವ ಸಂಗತಿಗೆ ಈ ನೆಲದ್ದೇ ಎರಡಕ್ಷರದ ಪದ ಸಿಕ್ಕಂತಾಗುತ್ತದೆ. ಕಲ್ಲಾಸರೆಯೂ ಒಳ್ಳೆಯ ಪದವೇ, ದೂರಿಲ್ಲ.

ಇಲ್ಲೊಂದು ಸಂಗತಿ ಗಮನಿಸಿದ್ದೇನೆ. ಜನ ಯಾವ ಕಲ್ಲಿನೊಂದಿಗೆ ಬದುಕುತ್ತಾರೋ ಅದಕ್ಕೆ ಹೆಸರುಗಳ ಸುರಿಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಘಟ್ಟದ ಕಡೆಯ ಕೆಂಪು ತೂತುಗಲ್ಲನ್ನೇ ತೆಗೆದುಕೊಳ್ಳಿ. ಮಲೆನಾಡಿಗೆ ಅದು ಜಂಬಿಟ್ಟಿಗೆ, ದಕ್ಷಿಣ ಕನ್ನಡಕ್ಕೆ ಮುರಕಲ್ಲು, ಉತ್ತರ ಕನ್ನಡದಲ್ಲಿ ಚಿರೆಕಲ್ಲು, ಮರಾಠಿ ಸೋಂಕಿದ ಗಡಿಯಲ್ಲಿ ಜಾಂಬಾ. ಇಷ್ಟಿದ್ದೂ ಪಠ್ಯದಲ್ಲಿ ಅದು ‘ಲ್ಯಾಟರೈಟ್’. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಅದನ್ನು ಇಟ್ಟಿಗೆಯಂತೆ ಕೊಯ್ಯುವುದು ಕಂಡು 1807ರಲ್ಲಿ ಇಟ್ಟಿಗೆಯ ಲ್ಯಾಟಿನ್ ಪದದಿಂದ ಕಟ್ಟಿದ ಹೆಸರು. ಜಂಬಿಟ್ಟಿಗೆಯಲ್ಲಿ ಇಟ್ಟಿಗೆ ಮೊದಲೇ ಇತ್ತಲ್ಲ! ಹಾಗೆಯೇ ಕೊಳೆತು ಪುಡಿಯಾಗುತ್ತಿರುವ ಕಲ್ಲಿಗೆ ನಮ್ಮ ಗರಸು, ಹಳೆ ಮೈಸೂರಿನ ಗೊರಚು ಇವೆ. ಹುಟ್ಟುಬಂಡೆಗೂ ಮಣ್ಣಿಗೂ ನಡುವಿನ ಆ ಪದರಕ್ಕೆ ಹೊಸ ಪದ ಕಟ್ಟುವ ಗೋಜೇ ಬೇಡ, ಗರಸನ್ನೇ ಇಟ್ಟಿದ್ದೇನೆ.

ಆದ್ದರಿಂದ ಬಾದಾಮಿ, ಗುಳೇದಗುಡ್ಡ, ಕೇರೂರು, ಹುನಗುಂದದ ಕಡೆಯವರಲ್ಲಿ ವಿಶೇಷ ವಿನಂತಿ. ಕುರಿ ಮೇಯಿಸುವವರು ಮಳೆ ಬಂದಾಗ ನುಗ್ಗುವ ಬಂಡೆಯ ಸಂದಿಗೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಪಡಿ ಎನ್ನುವುದು ಕೇಳಿದ್ದೀರಾ? ಊರ ಹೆಸರಿನ ಭಾಗವಾಗಿ ಮಾತ್ರವೋ, ಬಿಡಿ ಪದವಾಗಿಯೂ ಇದೆಯೋ? “ಪಡ್ಯಾಗ ಕುಂತಿದ್ವಿ” ಎಂಬಂಥ ಒಂದು ವಾಕ್ಯ ಸಿಕ್ಕರೂ ಸಾಕು. ಕಣಿಯಲ್ಲಿ ಕಲ್ಲು ಸೀಳುವವರು ಪದರಕ್ಕೆ, ಬಿರುಕಿಗೆ ಬಳಸುವ ಮಾತುಗಳನ್ನೂ ಕೇಳಿ ಬರೆದರೆ ಉಪಕಾರ. ಸುತ್ತಿಗೆ ಬೆಣೆ ಹಿಡಿದವರಿಗೆ ಎರಡನ್ನೂ ಬೇರ್ಪಡಿಸಲು ಪದ ಇದ್ದೇ ಇರಬೇಕು. ಹುಟ್ಟುಬಂಡೆ, ಬುನಾದಿಶಿಲೆಗಳ ಬಗ್ಗೆ ಒಪ್ಪಿಗೆಯೋ ತಕರಾರೋ ಇದ್ದರೆ ಉದಾಹರಣೆಯ ವಾಕ್ಯದೊಂದಿಗೆ ಬರೆಯಿರಿ. ಬರೀ ‘ಚೆನ್ನಾಗಿಲ್ಲ’ ಎಂದರೆ ಗೆಳೆಯರ ಮುಂದೆ ವಾದ ನಿಲ್ಲುವುದಿಲ್ಲ.